ನೋಡುವ ಮೊದಲು ಹೇಳು

ಬಿಲ್ಲು ಬಾಣದ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಗಂಗಾವತಿಯ ನಿವೃತ್ತ ದೈಹಿಕ ಶಿಕ್ಷಕಿಯೊಬ್ಬರ ಉತ್ತರ

ಪ್ರಶ್ನೆ: ಅಕ್ಕೋರಿಗೆ ನಮಸ್ಕಾರ. ನಾನು ಬಿ.ಎ. ಎರಡನೇ ವರ್ಷ. ಒಂದೂವರೆ ವರ್ಷದಿಂದ ರಿಕರ್ವ್ (ತುದಿಗಳು ಮುಂದಕ್ಕೆ ಬಾಗಿದ) ಬಿಲ್ಲು ಹೊಡೆಯುತ್ತಿದ್ದೇನೆ. ಬಿಲ್ಲಿನ ಎಳೆತದ ಭಾರ 36 ಪೌಂಡ್, ಸೀನಿಯರ್ ಒಬ್ಬರಿಂದ ಅಗ್ಗಕ್ಕೆ ಸಿಕ್ಕಿತು. ನನ್ನ ಫಾರ್ಮ್, ಅಂದರೆ ನಿಂತು ಎಳೆದು ಬಿಡುವ ರೀತಿ, ಒಂದೇ ಸಮ ಇಲ್ಲವೆಂದು ನಮ್ಮ ಸರ್ ಟಾರ್ಗೆಟ್ ಪೇಪರ್ ತೆಗೆಸಿ, ಐದು ಮೀಟರ್ ದೂರದಿಂದ ಬರೀ ಹುಲ್ಲಿನ ಪೆಂಡಿಗೆ ಕಣ್ಣು ಮುಚ್ಚಿ ಹೊಡೆಸಿದರು. ಒಂದು ತಿಂಗಳು ಅದೇ. ಅಲ್ಲಿ ಎಲ್ಲಾ ಚೆನ್ನಾಗಿತ್ತು. 30 ಮೀಟರಿಗೆ ಬಂದು ಪೇಪರ್ ಹಚ್ಚಿದರೆ ಮತ್ತೆ ಹಳೇ ಕಥೆ. 'ಅರ್ಜುನ ಹಕ್ಕಿಯ ಕಣ್ಣು ನೋಡಿದ, ತನ್ನ ಕಣ್ಣು ಮುಚ್ಚಲಿಲ್ಲ. ಗುರಿ ಒಂದೇ ಸುಳ್ಳು ಹೇಳೋದಿಲ್ಲ' ಅಂತಾನೆ ನಮ್ಮಣ್ಣ. ನಾನು ಯಾರ ಮಾತು ಕೇಳಲಿ?
— ವಿದ್ಯಾರ್ಥಿ, ಸಿಂಧನೂರು

ಉತ್ತರ: ತಮ್ಮಾ, ನಿಮ್ಮ ಸರ್ ಮತ್ತು ನಿಮ್ಮಣ್ಣನ ಜಗಳಕ್ಕೆ ಬರುವ ಮೊದಲು ಆ 36 ಪೌಂಡಿನ ಮಾತು ಮುಗಿಸೋಣ. ಅಗ್ಗಕ್ಕೆ ಸಿಕ್ಕಿತೆಂದು ಅಳತೆ ತಪ್ಪಿದ ಚಪ್ಪಲಿ ಹಾಕಿಕೊಂಡು ಯಾರೂ ಓಡೋದಿಲ್ಲ. ಸ್ಟ್ರಿಂಗನ್ನು ಗದ್ದಕ್ಕೆ ತಂದು ನಿಧಾನಕ್ಕೆ 15 ಸೆಕೆಂಡ್ ಎಣಿಸು, ಆಮೇಲೆ ಬಾಣ ಬಿಡದೆ ಇಳಿಸು. ಅಷ್ಟರಲ್ಲಿ ಎಡಗೈ ನಡುಗಿದರೆ, ಉಸಿರು ಕಟ್ಟಿದರೆ, ನೀನು ಬಿಲ್ಲನ್ನು ಎಳೆಯುತ್ತಿಲ್ಲ, ಬಿಲ್ಲೇ ನಿನ್ನನ್ನು ಎಳೆಯುತ್ತಿದೆ. ರೈಸರ್ (ಕೈಯಲ್ಲಿ ಹಿಡಿಯುವ ನಡುಭಾಗ) ಅದೇ ಇರಲಿ, 24–26 ಪೌಂಡಿನ ಲಿಂಬ್ (ಮೇಲೆ ಕೆಳಗೆ ಬಾಗುವ ತೋಳು) ಯಾರ ಹತ್ತಿರವಾದರೂ ಕಡ ತಗೋ. ಅಕ್ಕಿ ಚೀಲ ಹೊತ್ತವನಿಗೆ ಬೆನ್ನ ಮೇಲೆ ಇರುವೆ ಹರಿದದ್ದು ಗೊತ್ತಾಗೋದಿಲ್ಲ. ನಿಮ್ಮ ಸರ್ ಕಣ್ಣು ಮುಚ್ಚಿಸಿ ಕಲಿಸಲು ಹೊರಟ 'ಫೀಲ್', ಅಂದರೆ ಮೈಯ ಅರಿವು, ಆ ಇರುವೆಯಷ್ಟೇ ಸಣ್ಣದು.

ಎಷ್ಟು ಸಣ್ಣದು, ಲೆಕ್ಕ ಹಾಕಿ ನೋಡು. ಬಾಣದ ಉದ್ದ ಹತ್ತಿರ ಹತ್ತಿರ 70 ಸೆಂಟಿಮೀಟರ್ ಅಂತ ಇಟ್ಟುಕೋ. ದೊಡ್ಡವರ ರಿಕರ್ವ್ ಸ್ಪರ್ಧೆಯ ದೂರ 70 ಮೀಟರ್, ಅಂದರೆ ನೂರು ಪಟ್ಟು. ಗದ್ದದ ಕೆಳಗೆ ಕೈ ಕೂರುವ ಜಾಗ ಒಂದು ಮಿಲಿಮೀಟರ್ ಆಚೀಚೆ ಆದರೆ ಅಲ್ಲಿ ಸುಮಾರು 10 ಸೆಂಟಿಮೀಟರ್ ಫರಕು ಬೀಳುತ್ತದೆ. 122 ಸೆಂಟಿಮೀಟರಿನ ಆ ಪೇಪರಿನಲ್ಲಿ ಒಂದೊಂದು ಸುತ್ತಿನ ಅಗಲ 6.1 ಸೆಂಟಿಮೀಟರ್, ನಡುವಿನದಕ್ಕೆ ಹತ್ತು ಅಂಕ, ಹೊರಗೆ ಹೋದಂತೆ ಒಂದೊಂದು ಕಮ್ಮಿ. ನಟ್ಟನಡುವೆ ಬೀಳಬೇಕಾದ ಬಾಣ ಒಂಬತ್ತಕ್ಕೆ ಹೋಯಿತು, ಹತ್ತರ ಅಂಚಿಗೆ ಬೀಳಬೇಕಾದ್ದು ಎಂಟಕ್ಕೆ. ಅದೇ ತಪ್ಪು ಐದು ಮೀಟರಿನಲ್ಲಿ ಎಷ್ಟು? ಏಳು ಮಿಲಿಮೀಟರ್. ಹುಲ್ಲಿನಲ್ಲಿ ಅದನ್ನು ಯಾರು ಕಂಡಾರು? ನಿನ್ನ ತಿಂಗಳ 'ಎಲ್ಲಾ ಚೆನ್ನಾಗಿತ್ತು' ಅನ್ನೋದಕ್ಕೆ ಸಾಕ್ಷಿ ಯಾರೂ ಇರಲಿಲ್ಲ. ಚೆನ್ನಾಗಿತ್ತೋ ಇಲ್ಲವೋ, ನಿನಗೂ ಗೊತ್ತಿಲ್ಲ, ನಿಮ್ಮ ಸರ್‌ಗೂ ಗೊತ್ತಿಲ್ಲ.

ಹಾಗಾದರೆ ಅಣ್ಣನೇ ಗೆದ್ದನೇ? ಅರ್ಧ ಗೆದ್ದ. ಗುರಿ ಸುಳ್ಳು ಹೇಳೋದಿಲ್ಲ, ಆದರೆ ಪೂರಾ ಹೇಳೋದೂ ಇಲ್ಲ. ರೊಟ್ಟಿ ಬಡಿಯುವಾಗ ಅಂಚು ಸೀಳಿದರೆ, ಸೀಳಿದ್ದಷ್ಟೇ ಕಣ್ಣಿಗೆ ಕಾಣುತ್ತದೆ. ನೀರು ಕುದಿ ಬಂದಿರಲಿಲ್ಲವೋ, ಹಿಟ್ಟು ಹಳೆಯದಾಗಿ ಜಿಗಿ ಹೋಗಿತ್ತೋ, ನಾದಿದ್ದು ಸಾಲದೋ, ಪೆಟ್ಟು ಒಂದೇ ಕಡೆ ಬಿತ್ತೋ ಅನ್ನೋದನ್ನು ರೊಟ್ಟಿ ಹೇಳೋದಿಲ್ಲ. ನಮ್ಮವ್ವನ ಅಂಗೈಗೆ ಅದು ಸೀಳುವ ಮುಂಚೆಯೇ ತಿಳಿಯುತ್ತಿತ್ತು. ನಾನು ಮದುವೆಯಾದ ಹೊಸತರಲ್ಲಿ ಹಂಚಿನ ಮೇಲಿನ ರೊಟ್ಟಿ ನೋಡಿಯೇ ಕಲಿಯಲು ಹೋದೆ. ಇವತ್ತು ನೀರು ಹೆಚ್ಚು, ನಾಳೆ ಕಮ್ಮಿ, ನಾಡಿದ್ದು ಮತ್ತೆ ಹೆಚ್ಚು. ಆರು ತಿಂಗಳು ಮನೆ ಮಂದಿಗೆಲ್ಲಾ ದಪ್ಪ ರೊಟ್ಟಿ ತಿನ್ನಿಸಿದೆ. ಅತ್ತೆ ಏನೂ ಅನ್ನಲಿಲ್ಲ, ಚಪಾತಿ ಮಾಡು ಅಂದರು.

ಬಿಲ್ಲಿನಲ್ಲೂ ಅದನ್ನೇ ಮಾಡಿದೆ. ನಾನು ಬಿಲ್ಲು ಹಿಡಿದಾಗ ನನಗೆ ಮೂವತ್ತೊಂದು, ಮೊದಲು ಬಿದಿರಿನ ಬಿಲ್ಲು, ಆಮೇಲೆ ಯಾರೋ ಬಳಸಿ ಬಿಟ್ಟ ರಿಕರ್ವ್. ಎರಡನೇ ವರ್ಷ ಆಷಾಢದಲ್ಲಿ ಒಂದು ಪಂದ್ಯ. ನಮ್ಮ ಕಡೆಯ ಆಷಾಢದ ಗಾಳಿ ನಿನಗೆ ಗೊತ್ತಲ್ಲ, ಒಣಗಿಸಿದ ಸೀರೆ ಮೂರು ಮನೆ ದಾಟಿ ಸಿಗುತ್ತದೆ. ಮೊದಲ ಬಾಣ ಎಡಕ್ಕೆ ಹೋಯಿತು, ಸೈಟನ್ನು (ಗುರಿ ಹಿಡಿಯಲು ಬಿಲ್ಲಿಗೆ ಹಚ್ಚಿದ ಚುಕ್ಕೆ) ಎಡಕ್ಕೆ ಸರಿಸಿದೆ. ಗಾಳಿ ನಿಂತಿತು, ಬಾಣ ಬಲಕ್ಕೆ. ಬಲಕ್ಕೆ ಸರಿಸಿದೆ. ಮೂರನೆಯದರಲ್ಲಿ ನನ್ನ ಬೆರಳೇ ಸ್ಟ್ರಿಂಗನ್ನು ಕಿತ್ತುಕೊಂಡಿತ್ತು, ಅದಕ್ಕೂ ಸೈಟನ್ನೇ ಸರಿಸಿದೆ. ಸಂಜೆಗೆ ಸೈಟಿನ ಸ್ಕ್ರೂ ಸಡಿಲಾಗಿತ್ತು, ನಾನು ಕೊನೆಯಿಂದ ಎರಡನೆಯವಳು. ಗಾಳಿಯ ತಪ್ಪು, ಬೆರಳಿನ ತಪ್ಪು, ಸೈಟಿನ ತಪ್ಪು, ಮೂರನ್ನೂ ಪೇಪರ್ ಒಂದೇ ತೂತಾಗಿ ತೋರಿಸುತ್ತದೆ. ಆರು ಬಾಣ ಒಂದೇ ಕಡೆ ಗುಂಪಾಗಿ ಬಿದ್ದಾಗ ಮಾತ್ರ ಸೈಟ್ ಮುಟ್ಟಬೇಕು, ಗುಂಪು ಹೋದ ಕಡೆಗೇ ಸರಿಸಬೇಕು ಅನ್ನೋದನ್ನು ಆ ದಿನ ನನಗೆ ಯಾರೂ ಹೇಳಿರಲಿಲ್ಲ.

ಗುರಿ ತಡವಾಗಿ ಹೇಳುತ್ತದೆ ಅನ್ನೋದೂ ಒಂದು ತೊಂದರೆ. ಬೆರಳು ಬಿಟ್ಟ ಮೇಲೆ ಬಾಣ ಸ್ಟ್ರಿಂಗ್ ಮೇಲೆ ಇರೋದು ಸುಮಾರು 15–20 ಮಿಲಿಸೆಕೆಂಡ್. ಏನಾದರೂ ಕಂಡು ಕೈ ಆಡಿಸಲು ಮನುಷ್ಯನಿಗೆ ಅದರ ಹತ್ತು ಪಟ್ಟು ಹೊತ್ತು ಬೇಕು. ಬಿಟ್ಟ ಮೇಲೆ ತಿದ್ದುವ ಹಾಗಿಲ್ಲ. 70 ಮೀಟರಿಗೆ ಬಾಣ ಮುಟ್ಟಲು ಒಂದು ಸೆಕೆಂಡಿಗಿಂತ ತುಸು ಹೆಚ್ಚು. ಅಷ್ಟರಲ್ಲಿ ಮೈ ಕೊಟ್ಟ ಸುದ್ದಿ ಆರಿಹೋಗಲು ಶುರುವಾಗಿರುತ್ತದೆ. ಪೇಪರಿನ ನಡುವಿನ ಹಳದಿಯಲ್ಲಿ ಬಾಣ ಕಂಡಿತೋ, ಬೆನ್ನು ಏನು ಹೇಳಿತು ಅನ್ನೋದೇ ಮರೆತುಹೋಗುತ್ತದೆ. 1984ರಲ್ಲಿ ಸಾಲ್ಮೋನಿ, ಶ್ಮಿಟ್, ವಾಲ್ಟರ್ ಎಂಬ ಮೂವರು ಸಂಶೋಧಕರು ಕೌಶಲ ಕಲಿಕೆಯ ಹಲವು ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿ ಇಂಥದ್ದೇ ಮಾತು ಹೇಳಿದರು. ಪ್ರತಿ ಸಲವೂ ಫಲಿತಾಂಶ ಹೇಳುತ್ತಾ ಹೋದರೆ ಅಭ್ಯಾಸದ ಹೊತ್ತಿನಲ್ಲಿ ಚೆನ್ನಾಗಿ ಮಾಡುತ್ತಾರೆ, ಹೇಳೋದು ನಿಲ್ಲಿಸಿದರೆ ಕುಸಿಯುತ್ತಾರೆ. ಊರುಗೋಲು ಹಿಡಿದು ನಡೆದವನ ಹಾಗೆ.

ನಿಮ್ಮ ಸರ್ ಪೇಪರ್ ತೆಗೆಸಿದ್ದು ಇದಕ್ಕೇ. ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ನಾನೂ ಆ ದಾರಿ ಹಿಡಿದು ಕೆಟ್ಟವಳು, ಅದನ್ನೂ ಹೇಳಬೇಕು.

ಆ ಪಂದ್ಯದ ಅವಮಾನಕ್ಕೆ ನಾನು ಪೇಪರನ್ನೇ ಮಡಚಿ ಕಪಾಟಿಗೆ ಹಾಕಿದೆ. ಅಕ್ಕಿ ಗಿರಣಿಯ ಹಿಂದೆ ನಮ್ಮದೊಂದು ಖಾಲಿ ಜಾಗ, ಅಲ್ಲಿ ಹುಲ್ಲಿನ ಬಣವಿಗೆ ಮೂರು ತಿಂಗಳು ಕಣ್ಣು ಮುಚ್ಚಿ ಹೊಡೆದೆ. ಬೆಳಿಗ್ಗೆ ಶಾಲೆಗೆ ಹೋಗುವ ಮೊದಲು ಅರವತ್ತು ಬಾಣ. ಎಂಥಾ ನೆಮ್ಮದಿ ಅಂತೀ! ಸ್ಟ್ರಿಂಗ್ ಮೂಗಿನ ತುದಿಗೂ ಗದ್ದಕ್ಕೂ ತಾಗುವುದು, ಹೆಬ್ಬೆರಳ ಬುಡದಲ್ಲಿ ಗ್ರಿಪ್ಪಿನ ಒತ್ತು, ಬಿಟ್ಟ ಮೇಲೆ ಬಲಗೈ ಕತ್ತು ಸವರಿಕೊಂಡು ಹಿಂದೆ ಹೋಗುವುದು, ಒಂದೊಂದೂ ಪರಿಚಯವಾಯಿತು. ನಾನು ಸಿದ್ಧಳಾದೆ ಅಂದುಕೊಂಡೆ. ಆಗ ಜೊತೆಯ ಟೀಚರೊಬ್ಬರು ನನ್ನ ಫೋಟೊ ತೆಗೆದರು. ನೋಡಿದರೆ ಎಡ ಭುಜ ಕಿವಿಗೆ ಹತ್ತಿಕೊಂಡಿದೆ! ಭುಜ ಕೆಳಗಿದೆ ಅಂತ ನಾನು ಯಾರ ಮೇಲೆ ಬೇಕಾದರೂ ಆಣೆ ಮಾಡುತ್ತಿದ್ದೆ. ಮೂರು ತಿಂಗಳು ದಿನಾ ಅರವತ್ತು ಸಲ ಒಂದು ತಪ್ಪನ್ನು ತಿಕ್ಕಿ ತಿಕ್ಕಿ ಹೊಳಪು ಮಾಡಿದ್ದೆ. ಅದನ್ನು ಸರಿಯಾದ ಜಾಗಕ್ಕೆ ಇಳಿಸಿದಾಗ ಮೈ ಒಪ್ಪಲಿಲ್ಲ. ಭುಜ ಜೋತು ಬಿದ್ದ ಹಾಗೆ, ವಾಲಿ ನಿಂತ ಹಾಗೆ ಅನಿಸುತ್ತಿತ್ತು. ಸರಿ ಇದ್ದದ್ದೇ ತಪ್ಪು ಅನಿಸಿ, ಮತ್ತೆ ಸರಿ ಅನಿಸಲು ನಾಲ್ಕು ತಿಂಗಳು ಹಿಡಿಯಿತು. ಮೈಗೆ ಸರಿ ತಪ್ಪು ಗೊತ್ತಿಲ್ಲ ತಮ್ಮಾ, ರೂಢಿ ಮಾತ್ರ ಗೊತ್ತು.

ಹಾಗಾದರೆ ಗುರಿಯನ್ನೂ ನಂಬಬಾರದು, ಮೈಯನ್ನೂ ನಂಬಬಾರದು ಅಂತಾಯಿತು. ಇಬ್ಬರನ್ನೂ ಎದುರುಬದುರು ಕೂರಿಸಿ ಮಾತಾಡಿಸಬೇಕು. ಮೊದಲು ಮೈ ಹೇಳಲಿ, ಆಮೇಲೆ ಗುರಿ ಹೇಳಲಿ. ಈ ಸರದಿ ತಪ್ಪಬಾರದು.

ನನ್ನ ಮಕ್ಕಳಿಗೆ (ನಾನು ಹೆತ್ತವರಲ್ಲ, ಕಲಿಸಿದವರು) ಇನ್ನೂರು ಪುಟದ ನೋಟ್‌ಬುಕ್ ತರಿಸುತ್ತೇನೆ. ಎಡ ಪುಟ ಮೈಯದು, ಬಲ ಪುಟ ಬಾಣದ್ದು. ಬಾಣ ಬಿಟ್ಟ ತಕ್ಷಣ ಕಣ್ಣು ಕೆಳಗಿಳಿಸಬೇಕು. ಗಡಿಯಾರದ ಲೆಕ್ಕದಲ್ಲಿ ಬಾಯಿಬಿಟ್ಟು ಹೇಳಬೇಕು: 'ಒಂಬತ್ತು ಗಂಟೆ ಕಡೆ, ನೀಲಿ', 'ನಡುವೆ, ಹಳದಿ'. ಬರೆದುಕೊಂಡ ಮೇಲೆ ದುರ್ಬೀನು. ಮೊದಲ ವಾರ ಊಹೆ ಎಲ್ಲೋ, ಬಾಣ ಎಲ್ಲೋ. ನಗು ಬರುತ್ತದೆ. ಮೂರನೇ ವಾರಕ್ಕೆ ಹತ್ತರಲ್ಲಿ ಐದಾರು ಕೂಡಿ ಬರಲು ಶುರುವಾದರೆ ಮೈಗೆ ಕಿವಿ ಬಂತು ಅಂತ ತಿಳಿ.

ಆಮೇಲೆ ಆ ಪುಟಗಳನ್ನು ಓದಬೇಕು. ಮೈ ಕೆಟ್ಟದು ಅಂದು ಬಾಣವೂ ಕೆಟ್ಟರೆ ಅದರಲ್ಲಿ ಕಲಿಯುವುದು ಏನಿಲ್ಲ, ಮುಂದಿನ ಬಾಣ ತಗೋ. ಮೈ ಕೆಟ್ಟದು ಅಂದರೂ ಬಾಣ ಹತ್ತಕ್ಕೆ ಬಿತ್ತು, ಅದು ಅದೃಷ್ಟ. ಎಲ್ಲಕ್ಕಿಂತ ಅಪಾಯದ ಬಾಣ ಇದೇ, ಯಾಕೆಂದರೆ ಹುಡುಗರು ಅದನ್ನೇ ಮತ್ತೆ ಮಾಡಲು ನೋಡುತ್ತಾರೆ. ನಾನು ಅಂಥ ಹತ್ತಕ್ಕೆ ನೋಟ್‌ಬುಕ್ಕಿನಲ್ಲಿ ಸೊನ್ನೆ ಬರೆಸುತ್ತೇನೆ, ಅಳುತ್ತಾರೆ. ಇನ್ನು, ಮೈ ಚೆನ್ನಾಗಿತ್ತು ಅಂದರೂ ಬಾಣ ಹೊರಗೆ ಹೋದದ್ದು. ಇಂಥವು ಎಲ್ಲಾ ಒಂದೇ ಕಡೆ ಬಿದ್ದಿದ್ದರೆ ತಪ್ಪು ಸೈಟಿನದು ಅಥವಾ ಗಾಳಿಯದು. ನಾಲ್ಕು ದಿಕ್ಕಿಗೆ ಚೆದುರಿದ್ದರೆ ಮೈ ಸುಳ್ಳು ಹೇಳುತ್ತಿದೆ, ನನ್ನ ಭುಜದ ಹಾಗೆ. ಆಗ ಯಾರಿಗಾದರೂ ಮೊಬೈಲ್ ಕೊಟ್ಟು ಎದುರಿನಿಂದ ಅಲ್ಲ, ಬೆನ್ನ ಹಿಂದಿನಿಂದ ಮತ್ತು ಎದೆಯ ಕಡೆಯಿಂದ ವಿಡಿಯೊ ತೆಗೆಸು. ಬಾಣದ ಮುಂದೆ ಯಾರೂ ನಿಲ್ಲಬಾರದು ಅಂತ ಪ್ರತ್ಯೇಕ ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ.

ನಿನ್ನ ತೊಡಕು ಇನ್ನೂ ಒಂದಿದೆ. ಕಣ್ಣು ಮುಚ್ಚಿದಾಗ ನಿನಗೆ ಒಂದೇ ಕೆಲಸ. ಪೇಪರ್ ಹಚ್ಚಿದಾಗ ಗುರಿ ಹಿಡಿಯುವ ಎರಡನೇ ಕೆಲಸ ಬಂತು, ಕಣ್ಣು ಯಜಮಾನಿಕೆ ಮಾಡಿತು, ಬೆನ್ನು ಸುಮ್ಮನಾಯಿತು. ಐದು ಮೀಟರಿನ ಹುಲ್ಲಿನಿಂದ 30 ಮೀಟರಿನ ಪೇಪರಿಗೆ ಒಮ್ಮೆಲೇ ಜಿಗಿದದ್ದು ತಪ್ಪು. ಐದು ಮೀಟರಿನಲ್ಲೇ ಕಣ್ಣು ತೆರೆದು ಬರೀ ಹುಲ್ಲಿಗೆ ಹೊಡೆ. ಆಮೇಲೆ ಪೇಪರನ್ನು ತಿರುವಿ ಅದರ ಬಿಳಿ ಬೆನ್ನು ಹಚ್ಚು. ಆಮೇಲೆ ಬಣ್ಣದ ಕಡೆ. ಆಮೇಲೆ 10, 18, ಕೊನೆಗೆ 30. ಎಡ ಪುಟ ಬಲ ಪುಟ ಕೂಡಿ ಬರುವವರೆಗೆ ದೂರ ಹೆಚ್ಚಿಸಬೇಡ. ದಿನಕ್ಕೆ ಮೈಯ ಒಂದೇ ಜಾಗದ ಮೇಲೆ ಗಮನ ಇಡು. ಗ್ರಿಪ್ ಅಂದರೆ ಗ್ರಿಪ್, ನಾಳೆ ಬೆರಳು. ಪಂದ್ಯದ ದಿನ ಅದೂ ಬೇಡ. ಪಂದ್ಯದಲ್ಲಿ ಮೈಯನ್ನು ಬಿಡಿಬಿಡಿಯಾಗಿ ನೋಡುತ್ತಾ ನಿಂತವನು ಮೆಟ್ಟಿಲಿಳಿಯುವಾಗ ಕಾಲು ಎಣಿಸಿದವನ ಹಾಗೆ ಮುಗ್ಗರಿಸುತ್ತಾನೆ.

ಅರ್ಜುನನ ಮಾತಿಗೆ ನಿಮ್ಮಣ್ಣನಿಗೆ ನಮ್ಮೂರ ಕಥೆ ಹೇಳು. ಇಲ್ಲಿಂದ ಆನೆಗೊಂದಿ ಹತ್ತಿರವೇ, ಅದನ್ನೇ ಕಿಷ್ಕಿಂಧೆ ಅನ್ನುತ್ತೇವೆ. ರಾಮ ಒಂದೇ ಬಾಣಕ್ಕೆ ಏಳು ಸಾಲವೃಕ್ಷ ಸೀಳಿದವನು, ಅವನ ಫಾರ್ಮಿಗೆ ಏನು ಕಮ್ಮಿ? ಆದರೂ ವಾಲಿ ಸುಗ್ರೀವರು ಮೊದಲ ಸಲ ಕಾದಾಡಿದಾಗ ಯಾರು ಯಾರೆಂದು ತಿಳಿಯದೆ ಬಾಣ ಬಿಡಲಿಲ್ಲ. ಸುಗ್ರೀವ ಪೆಟ್ಟು ತಿಂದು ಓಡಿ ಬಂದ. ಎರಡನೇ ಸಲ ಅವನ ಕೊರಳಿಗೆ ಮಾಲೆ ಹಾಕಿ ಕಳಿಸಿದರು. ಕಣ್ಣೂ ಬೇಕು, ಒಪ್ಪಿದೆ. ಬೆಳಿಗ್ಗೆ ಎದ್ದು ಮೊದಲು ಬೇಕಾದ್ದು ಅದಲ್ಲ, ಅಷ್ಟೇ.

ಪ್ರಶ್ನೆ: ನಮ್ಮ ಮಗಳಿಗೆ ಹದಿನಾಲ್ಕು. ಬರೀ ಹುಲ್ಲಿಗೆ ಹೊಡೆಯುವಾಗ ಶಾಂತವಾಗಿರುತ್ತಾಳೆ. ಪೇಪರ್ ಕಂಡರೆ, ಸೈಟಿನ ಚುಕ್ಕೆ ಹಳದಿಗೆ ತಾಗುವಷ್ಟರಲ್ಲಿ ಬೆರಳು ತಾನೇ ಬಿಟ್ಟುಬಿಡುತ್ತದೆ ಅಂತಾಳೆ. ಕೆಲವು ಸಲ ಚುಕ್ಕೆಯನ್ನು ಹಳದಿಯೊಳಗೆ ತರಲಿಕ್ಕೇ ಆಗೋದಿಲ್ಲವಂತೆ. ಹೆದರಿಕೆಗೆ ಏನಾದರೂ ತೋರಿಸಬೇಕಾ ಅಕ್ಕೋರೆ?
— ಒಬ್ಬ ತಾಯಿ, ರಾಯಚೂರು

ಉತ್ತರ: ತಾಯಿ, ತಾಯತ ಬೇಡ, ಡಾಕ್ಟರೂ ಬೇಡ. ಬಿಲ್ಲುಗಾರರು ಇದನ್ನು ಟಾರ್ಗೆಟ್ ಪ್ಯಾನಿಕ್ ಅನ್ನುತ್ತಾರೆ, ದೊಡ್ಡ ದೊಡ್ಡವರಿಗೂ ಬಂದಿದೆ. ಇದರಲ್ಲಿ ಹೆದರಿಕೆಗಿಂತ ರೂಢಿಯೇ ಹೆಚ್ಚು. ಹಳದಿ ಕಂಡದ್ದೇ ಬಾಣ ಬಿಡುವ ಅಪ್ಪಣೆ ಅಂತ ಬೆರಳು ಕಲಿತುಬಿಟ್ಟಿದೆ. ಆ ಗಂಟು ಬಿಚ್ಚಬೇಕು. ಬಿಲ್ಲು ಎಳೆದು, ಚುಕ್ಕೆಯನ್ನು ಹಳದಿಯಲ್ಲಿ ಇಟ್ಟು, ಐದು ಎಣಿಸಿ, ಬಾಣ ಬಿಡದೆ ಹಾಗೇ ಇಳಿಸಲಿ. ಹತ್ತು ಸಲ ಎಳೆದರೆ ಎಂಟು ಸಲ ಇಳಿಸಲಿ. ಹಳದಿ ಕಂಡರೂ ಏನೂ ಆಗೋದಿಲ್ಲ ಅಂತ ಬೆರಳಿಗೆ ಬೇಸರ ಬರಬೇಕು.

ಅವಳ ಬಿಲ್ಲಿಗೆ ಕ್ಲಿಕ್ಕರ್ ಇದ್ದರೆ ಅದರ ಉಪಯೋಗವೇ ಇದು. ಬಾಣದ ಮೇಲೆ ಕೂತ ಸಣ್ಣ ಪಟ್ಟಿ, ಪೂರ್ತಿ ಎಳೆದಾಗ ಬಾಣದ ತುದಿ ದಾಟಿ ಟಿಕ್ ಅನ್ನುತ್ತದೆ. ಬಿಡು ಅಂತ ಹೇಳುವ ಅಧಿಕಾರ ಕಣ್ಣಿನಿಂದ ಬೆನ್ನಿಗೆ ಹೋಗುತ್ತದೆ. ಆದರೆ ಈ ಗಂಟು ಬಿಚ್ಚದೆ ಕ್ಲಿಕ್ಕರ್ ಹಚ್ಚಿದರೆ ಟಿಕ್ ಸದ್ದಿಗೇ ಬೆಚ್ಚುವ ಹುಡುಗಿಯರನ್ನೂ ನೋಡಿದ್ದೇನೆ, ಹಾಗಾಗಿ ಅವಸರ ಬೇಡ. ಇಬ್ಬರು ಸರದಿಯಂತೆ ಒಬ್ಬರಾದ ಮೇಲೆ ಒಬ್ಬರು ಹೊಡೆಯುವ ಪಂದ್ಯದಲ್ಲಿ ಒಂದೊಂದು ಬಾಣಕ್ಕೆ 20 ಸೆಕೆಂಡ್ ಕೊಡುತ್ತಾರೆ. ಅದರಲ್ಲೂ ಒಮ್ಮೆ ಇಳಿಸಿ ಮತ್ತೆ ಎಳೆಯಬಹುದು ಅನ್ನುವ ಧೈರ್ಯ ಅವಳಿಗೆ ಬರಬೇಕು.

ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡ್ರಿ. ಮಗಳು ಮೈದಾನದಿಂದ ಬಂದ ಕೂಡಲೇ ನೀವು ಕೇಳುವ ಮೊದಲ ಮಾತು 'ಎಷ್ಟು ಬಂತು?' ಅಂತ ಇರಬೇಕು. ನನ್ನ ಹತ್ತಿರ ಬರುವ ಎಲ್ಲಾ ಮಕ್ಕಳ ಮನೆಯಲ್ಲೂ ಅದೇ. ಅಪ್ಪ ಸ್ಕೋರನ್ನು ಸ್ಟೇಟಸ್‌ಗೆ ಬೇರೆ ಹಾಕುತ್ತಾರೆ. ಎರಡು ತಿಂಗಳು ಅದನ್ನು ಬಿಟ್ಟು 'ಇವತ್ತು ಎಷ್ಟು ಸಲ ಇಳಿಸಿದೆ?' ಅಂತ ಕೇಳಿ. ಮೊದಲು ವಿಚಿತ್ರ ಅನಿಸುತ್ತದೆ, ಕೇಳುವ ನಿಮಗೇ.

ಪ್ರಶ್ನೆ: ನನಗೆ ದೃಷ್ಟಿ ತೀರಾ ಕಡಿಮೆ, ಹತ್ತಡಿ ಆಚೆಯದು ಮಬ್ಬು. ಬಿಲ್ಲು ಕಲಿಯುವ ಆಸೆ ಇದೆ ಅಂದರೆ ಎಲ್ಲಾ ನಗುತ್ತಾರೆ. ಆಗುತ್ತದೆಯೇ?
— ಓದುಗ, ಕೊಪ್ಪಳ

ಉತ್ತರ: ಆಗುತ್ತದೆ. ನಗುವವರಿಗೆ ಗೊತ್ತಿಲ್ಲ, ದೃಷ್ಟಿ ಇಲ್ಲದವರಿಗೆ ಅಂತಲೇ ಬಿಲ್ಲುಗಾರಿಕೆಯ ಸ್ಪರ್ಧಾ ವಿಭಾಗ ಇದೆ, ಹೊರಾಂಗಣದಲ್ಲಿ 30 ಮೀಟರ್. ಒಂದು ಸ್ಟ್ಯಾಂಡಿಗೆ ಮುಟ್ಟಿ ತಿಳಿಯುವ ಸೈಟ್ ಕಟ್ಟಿರುತ್ತಾರೆ. ಬಿಲ್ಲು ಹಿಡಿದ ಕೈಯ ಹಿಂಬದಿ ಅದಕ್ಕೆ ತಾಗಿದರೆ ಗುರಿ ಸಿಕ್ಕಿತು ಅಂತ. ಪಾದ ಪ್ರತಿ ಸಲ ಅದೇ ಜಾಗದಲ್ಲಿ ಇರಲೆಂದು ನೆಲದ ಮೇಲೆ ಕಾಲಿಗೆ ತಾಗುವ ಗುರುತು. ಹಿಂದೆ ಒಬ್ಬ ಸಹಾಯಕ ಕೂತು ಬಾಣ ಎಲ್ಲಿ ಬಿತ್ತು ಅಂತ ಬಾಯಲ್ಲಿ ಹೇಳುತ್ತಾನೆ. ಸಿಂಧನೂರಿನ ಆ ಹುಡುಗನಿಗೆ ನೋಟ್‌ಬುಕ್ ಹಿಡಿಸಿ ನಾನು ಕಲಿಸಲು ಹೊರಟದ್ದನ್ನು ನೀವು ಮೊದಲ ದಿನದಿಂದಲೇ ಮಾಡುತ್ತೀರಿ: ಮೈ ಮೊದಲು, ಸುದ್ದಿ ಆಮೇಲೆ. ಹಗುರ ಬಿಲ್ಲಿನಿಂದ, ಜೊತೆಗೆ ಒಬ್ಬರನ್ನು ಇಟ್ಟುಕೊಂಡೇ ಶುರು ಮಾಡಿ. ಸಹಾಯಕನಿಗೆ 'ಅಯ್ಯೋ', 'ಭೇಷ್' ಅನ್ನಬಾರದು, ಗಂಟೆ ಮತ್ತು ಬಣ್ಣ ಮಾತ್ರ ಹೇಳಬೇಕು ಅಂತ ಮೊದಲೇ ತಾಕೀತು ಮಾಡಿ.

ಪ್ರಶ್ನೆ: ಫೋಮ್ ಟಾರ್ಗೆಟ್ ತುಂಬಾ ದುಬಾರಿ. ಭತ್ತದ ಹುಲ್ಲಿನಲ್ಲಿ ಮಾಡಬಹುದಾ?
— ರೈತ, ಕಾರಟಗಿ

ಉತ್ತರ: ತುಂಗಭದ್ರಾ ಎಡದಂಡೆ ಕಾಲುವೆಯ ಊರಲ್ಲಿದ್ದು ಹುಲ್ಲಿಗೆ ಬರವೇ ಅಣ್ಣ? ಕಟಾವು ಆದ ಮೇಲೆ ಮಷಿನ್ನಿನಲ್ಲಿ ಒತ್ತಿ ಕಟ್ಟಿದ ಪೆಂಡಿಗಳನ್ನು ಸಾಲಾಗಿ ಪೇರಿಸಿ, ಹಗ್ಗ ಅಥವಾ ಲಾರಿಯ ಬೆಲ್ಟಿನಿಂದ ಎಷ್ಟು ಆಗುತ್ತದೋ ಅಷ್ಟು ಬಿಗಿಯಿರಿ. ಸಡಿಲಿದ್ದರೆ ಬಾಣ ಪಾರಾಗಿ ಹೋಗುತ್ತದೆ, ಹಾಗಾಗಿ ಹಿಂದೆ ಮಣ್ಣಿನ ದಿಬ್ಬ ಇರಲಿ, ದನ ಎಮ್ಮೆ ಕಟ್ಟಬೇಡಿ. ಬುಡಕ್ಕೆ ಕಲ್ಲು ಹಾಸಿ, ಮೇಲೆ ತಾಡಪಾಲು. ಮಳೆ ನೆನೆದ ಪೆಂಡಿ ಒಳಗೇ ಕೊಳೆಯುತ್ತದೆ. ಬಾಣ ಕೀಳುವಾಗ ಒಂದು ಕೈ ಹುಲ್ಲಿಗೆ ಒತ್ತಿ, ಇನ್ನೊಂದು ಕೈ ಬಾಣದ ಬುಡಕ್ಕೆ. ಮತ್ತೆ, ಭತ್ತದ ಹುಲ್ಲಿಗೆ ಇಲಿ ಬರುತ್ತವೆ, ಇಲಿ ಹಿಂದೆ ಹಾವು. ಬೆಳಿಗ್ಗೆ ಮೊದಲ ಬಾಣಕ್ಕೂ ಮೊದಲು ಕೋಲಿನಿಂದ ನಾಲ್ಕು ಏಟು ಬಡಿದು, ತುಸು ಹೊತ್ತು ದೂರ ನಿಲ್ಲಿರಿ.